ಅರವತ್ತು ಅಡಿಯ ಶಿಖರ

ಬೆಟ್ಟ ಹತ್ತುವುದಕ್ಕೆ ಮನುಷ್ಯನಿಗೆ ಕಾರಣಗಳು ಬೇಕಾದಷ್ಟಿವೆ. ತುದಿಯಲ್ಲಿ ದೇವರಿದ್ದರೆ ಹರಕೆ ಹೊತ್ತು ಹತ್ತುತ್ತಾನೆ. ಕೋಟೆಯಿದ್ದರೆ ಕಾವಲಿಗೆಂದು ಹತ್ತುತ್ತಾನೆ. ಕುರಿ ತಪ್ಪಿಸಿಕೊಂಡರೆ ಹುಡುಕಿಕೊಂಡು ಹತ್ತುತ್ತಾನೆ. ಜೇನಿದ್ದರೆ ಪ್ರಾಣವನ್ನು ಪಣಕ್ಕಿಟ್ಟಾದರೂ ಹತ್ತುತ್ತಾನೆ. ಇವು ಯಾವುವೂ ಇಲ್ಲದಿದ್ದರೆ ಅಲ್ಲಿಂದ ಕಾಣುವ ನೋಟವೊಂದು ಇದ್ದೇ ಇರುತ್ತದೆ. ಆದರೆ ತುದಿಯಲ್ಲಿ ದೇವರೂ ಇಲ್ಲದ, ಜೇನೂ ಇಲ್ಲದ, ಪಕ್ಕದ ಕಾಲುದಾರಿಯಲ್ಲಿ ನಿಂತರೂ ಅದೇ ನೋಟ ಕಾಣುವಂಥ ಒಂದು ಕಲ್ಲನ್ನು, ಅದು ಕಲ್ಲು ಎಂಬ ಒಂದೇ ಕಾರಣಕ್ಕಾಗಿ ಹತ್ತಿದವನನ್ನು ಏನೆಂದು ಕರೆಯೋಣ? ಹುಚ್ಚನೆನ್ನುವುದು ಸುಲಭ. ಅವನ ಕಾಲದವರು ಕೆಲವರು ಹಾಗೆಯೇ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಅಂಥ ಒಂದು ಕಲ್ಲಿನ ಕಥೆಯನ್ನು. 1886ರಲ್ಲಿ ಅದರ ನೆತ್ತಿಯ ಮೇಲೆ ಮೊದಲು ನಿಂತ ಒಬ್ಬ ಇಂಗ್ಲಿಷ್ ತರುಣನ ಕಥೆಯನ್ನು.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಸರೋವರ ಪ್ರಾಂತ ನಮ್ಮ ಸಾಹಿತ್ಯಾಸಕ್ತರಿಗೆ ಅಪರಿಚಿತವಲ್ಲ. ವರ್ಡ್ಸ್‌ವರ್ತ್ ಹುಟ್ಟಿ, ಬದುಕಿ, ಮಣ್ಣಾದ ನೆಲ ಅದು. ಆ ಪ್ರಾಂತದ ನಡುವೆ ಗ್ರೇಟ್ ಗೇಬಲ್ ಎಂಬ ಬೆಟ್ಟವಿದೆ. ಎತ್ತರ 2,949 ಅಡಿ. ನಮ್ಮ ಮಲೆನಾಡಿನವರಿಗೆ ಇದೇನು ದೊಡ್ಡ ಎತ್ತರವೆಂದು ಅನ್ನಿಸೀತು. ಇಳಿಮಾಡಿನ ಮನೆಯ ಪಕ್ಕದಲ್ಲಿ ಎದ್ದು ನಿಲ್ಲುವ ಮೂರುಮೂಲೆಯ ಗೋಡೆಗೆ ಇಂಗ್ಲಿಷಿನಲ್ಲಿ ಗೇಬಲ್ ಎನ್ನುತ್ತಾರೆ. ಕೆಳಗಿನ ವಾಸ್ಡೇಲ್ ಕಣಿವೆಯಿಂದ ನೋಡಿದಾಗ ಬೆಟ್ಟ ಹಾಗೆಯೇ ಕಾಣುವುದರಿಂದ ಆ ಹೆಸರು. ಬೆಟ್ಟದ ದಕ್ಷಿಣ ಮಗ್ಗುಲಲ್ಲಿ ಬಂಡೆಗಳ ಸಾಲೊಂದಿದೆ. ಅದಕ್ಕೆ ನೇಪ್ಸ್ ಎಂದು ಹೆಸರು. ಆ ಸಾಲಿನಿಂದ ಬೇರ್ಪಟ್ಟು, ಮನೆಯವರೊಡನೆ ಮಾತು ಬಿಟ್ಟ ಹುಡುಗನಂತೆ ಒಂಟಿಯಾಗಿ ನಿಂತಿರುವ ಕೋಡುಗಲ್ಲೇ ನೇಪ್ಸ್ ನೀಡ್ಲ್, ಎಂದರೆ ನೇಪ್ಸಿನ ಸೂಜಿ.

ಸೂಜಿ ಎಂಬ ಹೆಸರಿದ್ದರೂ ಅದರ ಮೈಕಟ್ಟು ಸೂಜಿಯಂತಿಲ್ಲ. ಕೆಳಗೆ ಕಂಬದಂಥ ಒಂದು ಬಂಡೆ, ಅದರ ಮೈಯನ್ನು ಉದ್ದಕ್ಕೆ ಸೀಳಿದ ಬಿರುಕು. ಕಂಬದ ತಲೆಯಲ್ಲಿ ನಾಲ್ಕು ಜನ ಒತ್ತಿಕೊಂಡು ನಿಲ್ಲಬಹುದಾದ ಜಗಲಿಯಂಥ ಒಂದು ಹೆಗಲು. ಆ ಹೆಗಲ ಮೇಲೆ ಬೇರೆಯೇ ಒಂದು ಹೆಬ್ಬಂಡೆ, ಯಾರೋ ತಂದು ಕೂರಿಸಿದಂತೆ. ಹಂಪಿಯಲ್ಲಿ ಒಂದರ ಮೇಲೊಂದು ಕುಳಿತ ಗುಂಡುಗಳನ್ನು ಕಂಡವರು ಇದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಲ್ಲರು. ವ್ಯತ್ಯಾಸವಿಷ್ಟೆ: ಹಂಪಿಯದು ದುಂಡಗೆ ಸವೆದ ಗ್ರಾನೈಟು, ಇದು ಸುಮಾರು ನಲವತ್ತೈದು ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳು ಬಿಟ್ಟುಹೋದ ಶಿಲೆ, ಅಂಚುಗಳು ಹರಿತ, ಮೈ ಒರಟು. ಬುಡದಿಂದ ನೆತ್ತಿಯವರೆಗೆ ಹತ್ತುವ ದಾರಿ ಸುಮಾರು 60 ಅಡಿ. ಎತ್ತರದ ತೆಂಗಿನಮರವೊಂದನ್ನು ಹತ್ತಿದಷ್ಟೆ. ತೆಂಗಿನಮರವನ್ನಾದರೂ ತಬ್ಬಿಕೊಳ್ಳಬಹುದು, ಈ ಕಲ್ಲು ತಬ್ಬುಗೆಗೆ ಸಿಗುವಂಥದಲ್ಲ.

ಇದನ್ನು ಬ್ರಿಟನ್ನಿನ ಶಿಲಾರೋಹಣ ಕ್ರೀಡೆಯ ಜನ್ಮಸ್ಥಳವೆಂದು ಕರೆಯುವ ವಾಡಿಕೆಯಿದೆ. ಜನ್ಮಸ್ಥಳಗಳ ವಿಷಯದಲ್ಲಿ ಇತಿಹಾಸಕಾರ ಸ್ವಲ್ಪ ಸಂಶಯಪ್ರವೃತ್ತಿಯವನಾಗಿರಬೇಕು. ಈ ಪ್ರಾಂತದಲ್ಲಿ ಜನ 1886ಕ್ಕೆ ಮೊದಲು ಬಂಡೆಗಳನ್ನು ಮುಟ್ಟಿರಲಿಲ್ಲವೆಂದಲ್ಲ. ಕುರುಬರು ದಿನವೂ ಮುಟ್ಟುತ್ತಿದ್ದರು. ಅದನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ. ಬರೆದಿಟ್ಟವರಲ್ಲಿ ಮೊದಲಿಗನೆಂದು ನೆನೆಯಬೇಕಾದವನು ಕವಿ ಕೋಲ್‌ರಿಜ್. 1802ರ ಆಗಸ್ಟ್ ತಿಂಗಳಲ್ಲಿ ಆತ ಒಬ್ಬನೇ ಬೆನ್ನಿಗೊಂದು ಚೀಲ ಕಟ್ಟಿಕೊಂಡು ಬೆಟ್ಟಗಳನ್ನು ಸುತ್ತುತ್ತ ಸ್ಕಾಫೆಲ್ ಶಿಖರಕ್ಕೆ ಬಂದ. ಇಳಿಯುವಾಗ ಒಳ್ಳೆಯ ದಾರಿ ಯಾವುದೆಂದು ವಿಚಾರಿಸುವ ಅಭ್ಯಾಸ ಆತನಿಗಿರಲಿಲ್ಲ. ಎದುರು ಕಂಡ ಕಡೆಯೇ ದಾರಿ. ಹಾಗೆ ಬ್ರಾಡ್ ಸ್ಟ್ಯಾಂಡ್ ಎಂಬ ಮೆಟ್ಟಿಲು ಮೆಟ್ಟಿಲಾದ ಕಡಿಬಂಡೆಗೆ ಸಿಕ್ಕಿಕೊಂಡ. ಒಂದು ಅಂಚಿನಿಂದ ಕೈ ಜೋತು ಕೆಳಗಿನ ಅಂಚಿಗೆ ಧುಮುಕಿದರೆ ಮತ್ತೆ ಮೇಲಕ್ಕೆ ಹೋಗಲಾಗದು, ಆದ್ದರಿಂದ ಇನ್ನೊಂದು ಧುಮುಕು, ಇನ್ನೊಂದು. ಕೈಕಾಲು ನಡುಗಿ ಬಂಡೆಯ ಮೇಲೆ ಅಂಗಾತ ಮಲಗಿ ತನ್ನನ್ನು ನೋಡಿ ತಾನೇ ನಕ್ಕದ್ದನ್ನೂ, ಮೇಲಿನ ಕಡಿದಾದ ಬಂಡೆಗಳನ್ನೂ ಓಡುವ ಮೋಡಗಳನ್ನೂ ನೋಡುತ್ತ ಮೈಮರೆತದ್ದನ್ನೂ ಸಾರಾ ಹಚಿನ್ಸನ್‌ಗೆ ಬರೆದ ಪತ್ರದಲ್ಲಿ ಆತ ವರ್ಣಿಸಿದ್ದಾನೆ. ಕೊನೆಗೆ ಬಂಡೆಗಳ ನಡುವಿನ ಒಂದು ಇರುಕಿನಲ್ಲಿ ಚೀಲ ಕಳಚಿ ನುಸುಳಿ ಪಾರಾದ. ಅಪಾಯವೂ ಆನಂದವೂ ಒಂದೇ ಬಟ್ಟಲಲ್ಲಿ ಸಿಕ್ಕುವುದನ್ನು ಇಷ್ಟು ಚೆನ್ನಾಗಿ ಹೇಳಿದವರು ಅವನಿಗಿಂತ ಮೊದಲು ಇಂಗ್ಲಿಷಿನಲ್ಲಿ ವಿರಳ. ಆದರೆ ಗಮನಿಸಿ, ಅದು ಅವನು ಆರಿಸಿಕೊಂಡ ಸಾಹಸವಲ್ಲ, ಒದಗಿಬಂದದ್ದು. ಅಲ್ಲದೆ ಅವನು ಹತ್ತಲಿಲ್ಲ, ಇಳಿದ.

ಹತ್ತಿದ ಕೀರ್ತಿ ಹತ್ತಿರದ ಎನ್ನರ್‌ಡೇಲ್ ಕಣಿವೆಯ ಜಾನ್ ಅಟ್ಕಿನ್ಸನ್ ಎಂಬಾತನಿಗೆ ಸಲ್ಲಬೇಕು. ಮರದ ಪೀಪಾಯಿ ಮಾಡುವುದು ಅವನ ಕಸುಬು. 1826ರಲ್ಲಿ ಪಿಲ್ಲರ್ ರಾಕ್ ಎಂಬ ಮಹಾಶಿಲೆಯ ತುದಿಯನ್ನು ಅವನು ಮುಟ್ಟಿದ. ವರ್ಡ್ಸ್‌ವರ್ತ್ 1800ರಲ್ಲಿ ಪ್ರಕಟಿಸಿದ ‘ದಿ ಬ್ರದರ್ಸ್’ ಕವನದಲ್ಲಿ ಕುರುಬನೊಬ್ಬ ನಿದ್ದೆಗಣ್ಣಿನಲ್ಲಿ ಬಿದ್ದು ಸಾಯುವುದು ಇದೇ ಶಿಲೆಯ ಮೇಲಿಂದ. ಪಿಲ್ಲರ್ ದೊಡ್ಡದು, ಪ್ರಸಿದ್ಧವಾದದ್ದು, ಕವನದಲ್ಲಿ ಬಂದದ್ದು. ಅದನ್ನು ಹತ್ತಿದವನಿಗೆ ಊರಿನಲ್ಲಿ ಹೆಸರು ಬರುವುದು ಸಹಜ. ನಮ್ಮ ಸೂಜಿಗೆ ಇಂಥ ಯಾವ ಪ್ರತಿಷ್ಠೆಯೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಅನುಕೂಲಸ್ಥ ಇಂಗ್ಲಿಷರಿಗೆ ಆಲ್ಪ್ಸ್ ಪರ್ವತಗಳ ಹುಚ್ಚು ಹಿಡಿದಿತ್ತು. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿತು. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿ ಗೆದ್ದ ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಸತ್ತರು. ಇಂಥ ಘನವಾದ ಪರ್ವತಗಳ ಮುಂದೆ ಸ್ವದೇಶದ ಬಂಡೆಗಳು ಏತರವು? ಚಳಿಗಾಲದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ, ಹಿಮ ತುಂಬಿದ ಕೊರಕಲುಗಳಲ್ಲಿ ಮೈ ಹದಮಾಡಿಕೊಳ್ಳಲು ಅವು ಸಾಕು ಎಂಬುದು ಆ ಮಹನೀಯರ ಭಾವನೆ. ಕೊರಕಲು ಎಂಬ ಮಾತನ್ನು ನೆನಪಿಡಬೇಕು. ಆ ಕಾಲದವರು ಬಂಡೆ ಹತ್ತಿದ್ದು ಬಹುಮಟ್ಟಿಗೆ ಕೊರಕಲುಗಳ ಒಳಗೆ, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ. ಒದ್ದೆ, ಕತ್ತಲೆ, ಮೈಮೇಲೆ ನೀರು. ಆದರೆ ಎರಡು ಕಡೆಯೂ ಗೋಡೆಯಿದ್ದುದರಿಂದ ಕಾಲ ಕೆಳಗಿನ ಆಳ ಕಾಣುತ್ತಿರಲಿಲ್ಲ. ಮನಸ್ಸಿಗೆ ಅದೊಂದು ಧೈರ್ಯ. ಸೂಜಿಯಲ್ಲಿ ಆ ಆಸರೆ ಇಲ್ಲ. ಅದರ ಮೇಲೆ ನಿಂತವನ ಸುತ್ತಲೂ ಇರುವುದು ಗಾಳಿ ಮಾತ್ರ.

ವಾಲ್ಟರ್ ಪ್ಯಾರಿ ಹ್ಯಾಸ್ಕೆಟ್ ಸ್ಮಿತ್ ಹುಟ್ಟಿದ್ದು 1859ರಲ್ಲಿ, ಬೆಟ್ಟಗಳಿಂದ ಬಹುದೂರದ ದಕ್ಷಿಣ ಸಮುದ್ರತೀರದಲ್ಲಿ. ಈಟನ್ ಶಾಲೆ, ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜು. ಮುಂದೆ ಬ್ಯಾರಿಸ್ಟರ್ ಆದನಾದರೂ ವಕೀಲಿ ನಡೆಸಿದವನಲ್ಲ. ಹಣಕ್ಕೆ ಅವಸರವಿಲ್ಲದ ಮನೆತನ. ಅವನಿಗೆ ನಿಜವಾಗಿ ಪ್ರಿಯವಾದದ್ದು ಪದಗಳ ಮೂಲವನ್ನು ಕೆದಕುವುದು, ಅದು ಬಿಟ್ಟರೆ ಬಂಡೆಗಳು. 1881ರಲ್ಲಿ ಆಕ್ಸ್‌ಫರ್ಡಿನ ಕೆಲವು ಗೆಳೆಯರು ಬೇಸಿಗೆಯ ರಜೆಯಲ್ಲಿ ಕೂಡಿ ಓದಿಕೊಳ್ಳಲು ಒಂದು ಪ್ರಶಾಂತ ಸ್ಥಳ ಬೇಕೆಂದಾಗ ಅವನು ಭೂಪಟವನ್ನು ನೋಡಿ ಆರಿಸಿದ್ದು ವಾಸ್ಡೇಲ್ ಹೆಡ್ ಎಂಬ ಕುಗ್ರಾಮವನ್ನು. ಅಲ್ಲಿದ್ದುದು ಕೆಲವು ಮನೆಗಳು, ಒಂದು ಪುಟ್ಟ ಚರ್ಚು, ಒಂದು ವಸತಿಗೃಹ. ಅದನ್ನು ಬಹುಕಾಲ ನಡೆಸಿದ್ದ ವಿಲ್ ರಿಟ್ಸನ್ ಎಂಬ ಮುದುಕ ಸುಳ್ಳು ಹೇಳುವುದರಲ್ಲಿ ಪ್ರಾಂತಕ್ಕೇ ಹೆಸರಾದವನು. ಇಂಗ್ಲೆಂಡಿನ ಅತ್ಯುನ್ನತ ಬೆಟ್ಟ, ಅತ್ಯಂತ ಆಳವಾದ ಸರೋವರ, ಅತಿ ಚಿಕ್ಕ ಚರ್ಚು ಮತ್ತು ಅತಿ ದೊಡ್ಡ ಸುಳ್ಳುಗಾರ, ನಾಲ್ಕೂ ತಮ್ಮಲ್ಲೇ ಇವೆಯೆಂದು ಆ ಕಣಿವೆಯವರು ಹೆಮ್ಮೆಪಡುತ್ತಿದ್ದರಂತೆ.

ಓದಲು ಹೋದ ಹುಡುಗರು ಎಷ್ಟು ಓದಿದರೋ ಹೇಳಬರುವಂತಿಲ್ಲ. ಆ ವಸತಿಗೃಹದಲ್ಲಿ ಬೌರಿಂಗ್ ಎಂಬ ಹಿರಿಯರೊಬ್ಬರು ತಂಗಿದ್ದರು. ವಯಸ್ಸು ಐವತ್ತೆಂಟನ್ನೋ ಅರವತ್ತನ್ನೋ ಸಮೀಪಿಸಿದ್ದರೂ ನಡಿಗೆಯಲ್ಲಿ ಹುಡುಗರನ್ನು ಹಿಂದೆ ಹಾಕುವವರು. ದಾರಿ ಬಿಟ್ಟು ನಡೆಯುವುದನ್ನು, ಕಲ್ಲಿನಲ್ಲಿ ಕೈಯಿಡುವುದನ್ನು ಕಲಿಸಿದವರು ಅವರೇ. ಮರುವರ್ಷದಿಂದ ಹ್ಯಾಸ್ಕೆಟ್ ಸ್ಮಿತ್ ಒಂದೊಂದಾಗಿ ಬಂಡೆಗಳನ್ನು ಹತ್ತತೊಡಗಿದ. ಹಗ್ಗ, ಹಿಮಗೊಡಲಿ ಮೊದಲಾದ ಆಲ್ಪ್ಸಿನ ಸರಂಜಾಮುಗಳನ್ನು ಬಳಸುವುದು ಅವನಿಗೂ ಅವನ ಗೆಳೆಯರಿಗೂ ಮೋಸದ ಆಟವೆಂದು ತೋರುತ್ತಿತ್ತು.

ಸೂಜಿಯನ್ನು ಅವನು ಮೊದಲು ಕಂಡದ್ದು ಈ ತಿರುಗಾಟಗಳಲ್ಲೊಮ್ಮೆ, ಕೆಟ್ಟ ಹವೆಯ ಒಂದು ದಿನ. ಗೇಬಲ್ಲಿನ ಮಗ್ಗುಲಲ್ಲಿ ಮಂಜು ಕವಿದಿತ್ತು. ತಟಕ್ಕನೆ ತೆರೆ ಸರಿಸಿದಂತೆ ಒಂದು ಕಡೆ ಮಂಜು ಸರಿದು, ಎಳೆಬಿಸಿಲು ಬಿದ್ದು, ಬೇರೆ ಯಾವ ಬಂಡೆಯ ಸುಳಿವೂ ಇಲ್ಲದ ಬಯಲಿನಲ್ಲಿ ಸಪೂರವಾದ ಒಂದು ಕೋಡು ನೂರಾರು ಅಡಿ ಎದ್ದು ನಿಂತಂತೆ ಕಂಡಿತು. ಮರುಕ್ಷಣದಲ್ಲಿ ಮಂಜು ಮುಚ್ಚಿಕೊಂಡಿತು. ನಿಜದಲ್ಲಿ ಅದು ನೂರಾರು ಅಡಿಯಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಆಕರ್ಷಣೆ ಕಡಿಮೆಯಾಗಲಿಲ್ಲವೆಂಬುದೇ ಇಲ್ಲಿ ಮುಖ್ಯ.

1886ರ ಜೂನ್ ತಿಂಗಳ ಕೊನೆಯ ಒಂದು ದಿನ ಅವನು ಒಬ್ಬನೇ ಗೇಬಲ್ಲಿನ ಮೇಲಿಂದ ಇಳಿಯುತ್ತಿದ್ದ. ಸೂಜಿಯ ಹಿಂದಿರುವ ಕಡಿದಾದ ಏಣನ್ನು ಹಿಡಿದು ಇಳಿದು ಬಂದಾಗ, ಏಣಿಗೂ ಕೋಡಿಗೂ ನಡುವಿನ ಕಿರುಸಂದಿಯಲ್ಲಿ ಕೋಡು ಎದುರಾಯಿತು. ಅಂದಿನ ಉದ್ದೇಶ ಬಹುಶಃ ಸೂಜಿಯನ್ನು ಹತ್ತುವುದಾಗಿರಲಿಲ್ಲ. ಸುಮ್ಮನೆ ನೋಡೋಣವೆಂದು ಬಿರುಕಿಗೆ ಕೈಹಾಕಿದ. ಬಿರುಕಿನಲ್ಲಿ ಕಲ್ಲುಗಳು ಸಿಕ್ಕಿಕೊಂಡಿದ್ದವು, ಹುಲ್ಲು ಬೆಳೆದಿತ್ತು. ಹುಲ್ಲು ಕಿತ್ತು, ಕಲ್ಲು ಅಲುಗುವುದೋ ಎಂದು ನೋಡಿ, ತೋಳನ್ನೂ ಮೊಣಕಾಲನ್ನೂ ಬಿರುಕಿಗೆ ತುರುಕುತ್ತ ಹೆಗಲಿನವರೆಗೆ ಬಂದ. ಅಲ್ಲಿಗೆ ಮುಕ್ಕಾಲು ಪಾಲು ದಾರಿ ಸವೆದಿತ್ತು, ಕಷ್ಟವೆಲ್ಲ ಮುಂದಿತ್ತು.

ಮೇಲೆ ಕುಳಿತಿರುವ ಹೆಬ್ಬಂಡೆಯ ನೆತ್ತಿ ಹೆಗಲಿನಿಂದ ಕಾಣುವುದಿಲ್ಲ. ನೆತ್ತಿ ಚಪ್ಪಟೆಯಾಗಿದ್ದರೆ ಅಂಚಿಗೆ ಕೈ ಸಿಕ್ಕಿದೊಡನೆ ಹಿಡಿತ ದೊರೆಯುತ್ತದೆ. ಅದು ಬೋರಲಿಟ್ಟ ಗಡಿಗೆಯಂತೆ ಉರುಟಾಗಿದ್ದರೆ ಕೈ ಜಾರುತ್ತದೆ; ಮತ್ತೆ ಹಿಂದಿರುಗುವ ಮಾತಿಲ್ಲ. ಇದನ್ನು ಕೆಳಗಿನಿಂದ ತಿಳಿಯುವುದು ಹೇಗೆ? ಹ್ಯಾಸ್ಕೆಟ್ ಸ್ಮಿತ್ ಮಾಡಿದ ಉಪಾಯ ಮಕ್ಕಳ ಆಟದಂಥದು. ಚಪ್ಪಟೆಯಾದ ಕೆಲವು ಕಲ್ಲುಗಳನ್ನು ಆರಿಸಿ ಒಂದೊಂದಾಗಿ ಮೇಲಕ್ಕೆ ತೂರಿದ. ಉರುಟಾಗಿದ್ದರೆ ಎಲ್ಲವೂ ಉರುಳಿ ಬೀಳಬೇಕು. ಹಲವು ಬಿದ್ದವು. ಒಂದು ನಿಂತಿತು. ಆ ಒಂದು ಕಲ್ಲಿನ ಸಾಕ್ಷ್ಯವನ್ನು ನಂಬಿ ಅವನು ಹೊರಟ.

ಮೊಳೆ ಹೊಡೆದ ಬೂಟಿನ ತುದಿ ನಿಲ್ಲಲು ಬಂಡೆಯ ಮೈಯಲ್ಲಿ ಓರೆಯಾದೊಂದು ಅಂಚಿದೆ. ಅದರ ಮೇಲೆ ಅಂಗೈಗಳನ್ನು ಊರಿ, ಅಟ್ಟದ ಅಂಚಿಗೆ ಜೋತು ಬಿದ್ದವನು ಮೈಯನ್ನು ಮೇಲೆತ್ತಿಕೊಳ್ಳುವಂತೆ ಎತ್ತಿಕೊಂಡು, ಆ ಅಂಗೈಗಳ ಪಕ್ಕದಲ್ಲೇ ಪಾದವನ್ನು ತಂದಿಟ್ಟು, ಹಿಡಿಯಲು ಏನೂ ಇಲ್ಲದಂತೆ ಎದ್ದು ನಿಲ್ಲಬೇಕು. ಇಡೀ ದಾರಿಯ ಕಷ್ಟ ಈ ಒಂದೆರಡು ಚಲನೆಗಳಲ್ಲಿದೆ. ತೋಳಿನ ಬಲಕ್ಕಿಂತ ಸಮತೂಕ ಇಲ್ಲಿ ಮುಖ್ಯ. ಅದು ದಾಟಿದರೆ ನೆತ್ತಿಯ ಅಂಚು ಕೈಗೆ ಸಿಗುತ್ತದೆ. ಅವನಿಗೆ ಸಿಕ್ಕಿತು. ನೆತ್ತಿಯ ಮೇಲೆ ಹಿಂದೆ ಯಾರೂ ಬಂದ ಗುರುತಿರಲಿಲ್ಲ. ಕರವಸ್ತ್ರವನ್ನು ತೆಗೆದು, ಗಾಳಿಗೆ ಹಾರಿಹೋಗದಂತೆ ಕಲ್ಲು ಹೇರಿಟ್ಟು, ಅಲ್ಲಿ ಬಿಟ್ಟ.

ಇನ್ನು ಇಳಿಯಬೇಕಲ್ಲ! ಕೋಲ್‌ರಿಜ್ಜನಂತೆ ಧುಮುಕಿ ಪಾರಾಗುವ ಜಾಗ ಇದಲ್ಲ. ಕೈಗಳಿಂದ ಅಂಚನ್ನು ಹಿಡಿದು ಜೋತು, ಕಣ್ಣಿಗೆ ಕಾಣದ ಆ ಓರೆಯಂಚನ್ನು ಕಾಲಿನಿಂದ ತಡವಿ ಹುಡುಕಬೇಕು. ಹತ್ತುವಾಗ ಉತ್ಸಾಹವಾದರೂ ಜೊತೆಗಿರುತ್ತದೆ. ಇಳಿಯುವಾಗ ಲೆಕ್ಕಾಚಾರ ಬಿಟ್ಟು ಬೇರೆ ಯಾರೂ ಜೊತೆಗಿಲ್ಲ. ಬಿದ್ದಿದ್ದರೆ ಏನಾಯಿತೆಂದು ಹೇಳುವುದಕ್ಕೆ ಆ ಬೆಟ್ಟದ ಮಗ್ಗುಲಲ್ಲಿ ಅಂದು ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಬೀಳಲಿಲ್ಲ. ಸಂಜೆಗೆ ವಸತಿಗೃಹದ ಊಟಕ್ಕೆ ಸಕಾಲದಲ್ಲಿ ಬಂದನೆಂದು ನಾವು ಊಹಿಸಿಕೊಳ್ಳೋಣ.

ಈ ವಿವರಗಳೆಲ್ಲ ನಮಗೆ ತಿಳಿದಿರುವುದು ಅವನೇ ಬರೆದದ್ದರಿಂದ. ಆದರೆ ಬರೆದದ್ದು ಯಾವಾಗ? 1914ರಲ್ಲಿ, ಇಪ್ಪತ್ತೆಂಟು ವರ್ಷಗಳ ಬಳಿಕ, ಪರ್ವತಾರೋಹಿಗಳ ಕ್ಲಬ್ಬೊಂದರ ಪತ್ರಿಕೆಗೆ. ಹತ್ತಿ ಬಂದ ಮರುದಿನವೇ ಲೇಖನ ಬರೆಯುವ ಚಪಲ ಅವನಿಗಿರಲಿಲ್ಲ. ಆಗ ಬರೆದಿದ್ದರೂ ಓದುವವರು ಯಾರಿದ್ದರು? ಸುಮಾರು ಮೂರು ವರ್ಷ ಆ ಕೋಡಿನ ಮೇಲೆ ಇನ್ನೊಬ್ಬರ ಹೆಜ್ಜೆ ಬೀಳಲಿಲ್ಲ. 1889ರ ಮಾರ್ಚಿಯಲ್ಲಿ ಜೆಫ್ರಿ ಹೇಸ್ಟಿಂಗ್ಸ್ ಹತ್ತಿದ. ಅದೇ ವರ್ಷದ ಆಗಸ್ಟಿನಲ್ಲಿ ಲಾರ್ಟನ್ ಕಣಿವೆಯ ರೈತ ಜಾನ್ ರಾಬಿನ್ಸನ್ ಹತ್ತಿದ. ಹ್ಯಾಸ್ಕೆಟ್ ಸ್ಮಿತ್‌ನ ಎಷ್ಟೋ ಆರೋಹಣಗಳಲ್ಲಿ ಜೊತೆಗಾರನಾಗಿದ್ದವನು ಈತ. 1890ರಲ್ಲಿ ಮಿಸ್ ಕೋಕರ್ ಎಂಬಾಕೆ ಹತ್ತಿದರು. ಸೂಜಿಯ ನೆತ್ತಿಗೆ ಹೋದ ಮೊದಲ ಮಹಿಳೆ ಆಕೆ. ಹೆಂಗಸರು ಪಾದ ಮುಚ್ಚುವ ಲಂಗ ತೊಟ್ಟು ನಡೆಯಬೇಕಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೆಂಗಸರೇ ಕೂಡಿ ತಮ್ಮದೇ ಆದ ಪಿನಕಲ್ ಕ್ಲಬ್ ಕಟ್ಟಿಕೊಳ್ಳಲು ಅಲ್ಲಿಂದ ಮುಂದೆ ಮೂವತ್ತೊಂದು ವರ್ಷ ಬೇಕಾಯಿತು.

ಹಾಗಾದರೆ ಜನ್ಮಸ್ಥಳವೆಂಬ ಕೀರ್ತಿ ಬಂದದ್ದು ಎಲ್ಲಿಂದ? ನನಗೆ ತೋರುವಂತೆ ಅದರ ಅರ್ಧ ಭಾಗವಾದರೂ ಛಾಯಾಚಿತ್ರದ ಕೊಡುಗೆ. ಸೂಜಿಯ ರೂಪ ಚಿತ್ರಕ್ಕೆಂದೇ ಮಾಡಿದಂಥದು. ಕೊರಕಲಿನ ಕತ್ತಲೆಯಲ್ಲಿ ತೆವಳುವವನ ಚಿತ್ರ ತೆಗೆದರೆ ಕಾಣುವುದು ಕತ್ತಲೆ. ಇಲ್ಲಿ ಹಾಗಲ್ಲ, ಬೆಳಗುವ ಆಕಾಶ, ಕಪ್ಪಾದ ಕೋಡು, ತುದಿಯಲ್ಲಿ ಬೆರಳುದ್ದದ ಮನುಷ್ಯ. 1891ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಅಂಗಡಿಯೊಂದರ ಕಿಟಕಿಯಲ್ಲಿ ಇಂಥ ಒಂದು ಚಿತ್ರವನ್ನು ಓವನ್ ಗ್ಲಿನ್ ಜೋನ್ಸ್ ಎಂಬ ಶಾಲಾ ಉಪಾಧ್ಯಾಯ ನೋಡಿದ. ಭೌತಶಾಸ್ತ್ರ ಕಲಿಸುವವನು, ವೇಲ್ಸ್ ಮೂಲದವನು, ಬಡತನವನ್ನು ಕಂಡವನು. ಆ ಚಿತ್ರ ಅವನನ್ನು ಹಿಡಿದುಕೊಂಡಿತು. ಬಹಳ ದಿನ ಕಳೆಯುವ ಮುನ್ನವೇ ಅವನು ಸೂಜಿಯ ಮೇಲಿದ್ದ. 1897ರಲ್ಲಿ ಸರೋವರ ಪ್ರಾಂತದ ಶಿಲಾರೋಹಣದ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಬರೆದ. ದಾರಿಗಳನ್ನು ಕಷ್ಟಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಮೇಷ್ಟರಿಗೆ ಸಹಜವಾಗಿ, ಬಂಡೆಗಳಿಗೂ ಅಂಕ ಕೊಟ್ಟ. 1899ರಲ್ಲಿ ಆಲ್ಪ್ಸಿನ ಡಾಂ ಬ್ಲಾಂಷ್ ಪರ್ವತದಲ್ಲಿ ಬಿದ್ದು ಸತ್ತಾಗ ಅವನ ವಯಸ್ಸು ಮೂವತ್ತೆರಡನ್ನು ದಾಟಿರಲಿಲ್ಲ. ಅಂಗಡಿಯ ಕಿಟಕಿಯಲ್ಲಿ ಕಂಡ ಒಂದು ಚಿತ್ರ ಮನುಷ್ಯನನ್ನು ಎಲ್ಲಿಗೆ ಕರೆದೊಯ್ಯಬಲ್ಲದು!

ಜೋನ್ಸನ ಪುಸ್ತಕಕ್ಕೆ ಚಿತ್ರಗಳನ್ನು ತೆಗೆದವರು ಕೆಸ್ವಿಕ್ ಊರಿನ ಏಬ್ರಹಾಂ ಸೋದರರು, ಜಾರ್ಜ್ ಮತ್ತು ಆ್ಯಶ್ಲಿ. ಭಾರವಾದ ಕ್ಯಾಮೆರಾ, ಗಾಜಿನ ಫಲಕಗಳು, ಮೂರು ಕಾಲಿನ ಮಣೆ, ಇಷ್ಟನ್ನೂ ಹೊತ್ತು ಅವರು ಬಂಡೆಗಳ ಅಂಚಿನಲ್ಲಿ ನಿಲ್ಲುತ್ತಿದ್ದರು. ಹತ್ತುವವನೂ ಚಿತ್ರ ಮೂಡುವಷ್ಟು ಹೊತ್ತು ಉಸಿರು ಬಿಗಿಹಿಡಿದು ಅಲುಗದೆ ಇರಬೇಕು. ಸೂಜಿಯ ಎದುರಿಗೆ ಅದೇ ಮಟ್ಟದಲ್ಲಿ ಒಂದು ಅಗಲವಾದ ಅಂಚಿದೆ. ಕುಳಿತು ನೋಡಲು ಅನುಕೂಲ. ನಾಟಕಶಾಲೆಯಲ್ಲಿ ಪ್ರತಿಷ್ಠಿತರು ಕೂರುವ ಮೊದಲ ಉಪ್ಪರಿಗೆಗೆ ಇಂಗ್ಲಿಷಿನಲ್ಲಿ ಡ್ರೆಸ್ ಸರ್ಕಲ್ ಎನ್ನುತ್ತಾರೆ. ಆ ಅಂಚಿಗೂ ಅದೇ ಹೆಸರು ಬಿತ್ತು. ನೋಡುವವರೊಬ್ಬರೂ ಇಲ್ಲದೆ ಹತ್ತಲ್ಪಟ್ಟ ಕಲ್ಲಿಗೆ ಕಾಯಂ ಪ್ರೇಕ್ಷಕರು ಒದಗಿದರು. ಸೂಜಿಗೂ ಏಣಿಗೂ ನಡುವಿನ ಸಂದಿಯಲ್ಲಿ ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುವುದಕ್ಕೆ ಸೂಜಿಗೆ ದಾರ ಪೋಣಿಸುವುದೆಂದು ಹೆಸರಾಯಿತು. ನೆತ್ತಿಯವರೆಗೆ ಹೋಗುವ ಧೈರ್ಯವಿಲ್ಲದವರು ಇಂದಿಗೂ ದಾರ ಪೋಣಿಸಿ ತೃಪ್ತರಾಗುತ್ತಾರೆ.

ಈ ಕಲ್ಲನ್ನು ಇಂದು ಹತ್ತುವ ಬಗೆಗೆ ಸಾಂಪ್ರದಾಯಿಕ ಆರೋಹಣವೆಂದು ಹೆಸರು. ಹ್ಯಾಸ್ಕೆಟ್ ಸ್ಮಿತ್‌ನಂತೆ ಬರಿಗೈಯಲ್ಲಿ ಹತ್ತುವುದೆಂದು ಅದರ ಅರ್ಥವಲ್ಲ. ಅವನೇ ಮುಂದೆ ಹಗ್ಗಕ್ಕೆ ಒಪ್ಪಿಕೊಂಡ. ಆದರೆ ಆ ಕಾಲದ ನಾರಿನ ಹಗ್ಗ ಮುಂದಾಳುವಿಗೆ ಹೆಚ್ಚು ಉಪಕಾರ ಮಾಡುತ್ತಿರಲಿಲ್ಲ. ಅವನು ಬಿದ್ದರೆ ಹಗ್ಗ ಕಡಿಯಬಹುದು, ಇಲ್ಲವೇ ಜೊತೆಗಾರನನ್ನೂ ಎಳೆದುಕೊಂಡು ಹೋಗಬಹುದು. ಮುಂದಾಳು ಬೀಳಬಾರದು ಎಂಬುದೇ ಆಗಿನ ಏಕೈಕ ರಕ್ಷಣೋಪಾಯ. ಬಿರುಕಿನಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಹಗ್ಗದ ಕುಣಿಕೆ ಸುತ್ತುವ ಪದ್ಧತಿ ನಿಧಾನವಾಗಿ ಬಂತು. ಬಳಿಕ ಬ್ರಿಟಿಷ್ ಆರೋಹಿಗಳು ಯಂತ್ರಗಳ ಕಬ್ಬಿಣದ ನಟ್ಟುಗಳನ್ನು, ರೈಲುಹಳಿಯ ಬದಿಯಲ್ಲಿ ಬಿದ್ದವನ್ನೂ ಬಿಡದೆ, ಆರಿಸಿಕೊಂಡು, ಹಗ್ಗಕ್ಕೆ ಪೋಣಿಸಿ ಬಿರುಕಿಗೆ ಬೆಣೆಯಂತೆ ಇಳಿಬಿಟ್ಟರು. ಈಗ ಅದಕ್ಕೆಂದೇ ತಯಾರಾದ ಹಗುರವಾದ ಲೋಹದ ಬೆಣೆಗಳಿವೆ. ಆದರೆ ನಿಯಮ ಒಂದೇ: ಬಂಡೆಗೆ ತೂತು ಕೊರೆಯಬಾರದು, ಬೋಲ್ಟು ಜಡಿಯಬಾರದು, ಮುಂದಾಳು ಇಟ್ಟುಹೋದ ಬೆಣೆಯನ್ನು ಹಿಂದೆ ಬರುವವನು ಬಿಡಿಸಿ ತರಬೇಕು. ಮೊದಲು ಬಂದವನಿಗೆ ಕಲ್ಲು ಹೇಗೆ ಸಿಕ್ಕಿತೋ ಕೊನೆಗೆ ಬರುವವನಿಗೂ ಹಾಗೆಯೇ ಸಿಗಬೇಕು. ಬಾವಿಯ ನೀರು ಸೇದಿದವರು ಹಗ್ಗವನ್ನು ಇದ್ದಲ್ಲೇ ಸುತ್ತಿಡುವ ಸಭ್ಯತೆಯಂಥ ಸಭ್ಯತೆ ಇದು. ಬೇರೆ ದೇಶಗಳಲ್ಲಿ ಬೋಲ್ಟು ಜಡಿದ ಬಂಡೆಗಳಲ್ಲಿ ಅದ್ಭುತವಾದ ಆರೋಹಣಗಳಾಗಿವೆ. ನಾನು ಅವನ್ನು ಹಳಿಯುವವನಲ್ಲ.

ಒಂದನ್ನು ಮಾತ್ರ ಈ ಸಭ್ಯತೆ ತಡೆಯಲಾರದೆ ಹೋಯಿತು. ಒಂದೂವರೆ ಶತಮಾನಕ್ಕೆ ಸಮೀಪಿಸಿದ ಕಾಲದಲ್ಲಿ ಮೊಳೆಬೂಟುಗಳು ಗೀರಿ, ರಬ್ಬರು ತಿಕ್ಕಿ, ಅಂಗೈಗಳು ಸವರಿ, ಸೂಜಿಯ ಹಿಡಿಗಳು ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿವೆ. ಹ್ಯಾಸ್ಕೆಟ್ ಸ್ಮಿತ್ ಮುಟ್ಟಿದ ಒರಟು ಕಲ್ಲು ಇಂದಿನವರಿಗೆ ಸಿಗುವುದಿಲ್ಲ. ಇಂದಿನ ನುರಿತವರ ಎಣಿಕೆಯಲ್ಲಿ ಇದು ಕಠಿಣವಾದ ದಾರಿಯಲ್ಲ. ಆದರೂ ಮಳೆ ಬಿದ್ದ ದಿನ ಆ ನುಣುಪಾದ ಓರೆಯಂಚಿನ ಮುಂದೆ ನುರಿತವರ ಮುಖವೂ ಗಂಭೀರವಾಗುತ್ತದೆ.

1906ರಲ್ಲಿ ಸರೋವರ ಪ್ರಾಂತದ ಆರೋಹಿಗಳು ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್ ಎಂಬ ಸಂಘ ಕಟ್ಟಿಕೊಂಡರು. ಅದರ ಲಾಂಛನ ನೇಪ್ಸಿನ ಸೂಜಿ. ಹ್ಯಾಸ್ಕೆಟ್ ಸ್ಮಿತ್‌ನ ಲೇಖನ ಬಂದದ್ದು ಈ ಸಂಘದ ಪತ್ರಿಕೆಯಲ್ಲೇ. ಅದು ಪ್ರಕಟವಾದ ವರ್ಷವೇ ಯುದ್ಧ ಆರಂಭವಾಯಿತು. ಆ ವರ್ಷದ ವಸಂತದಲ್ಲಿ ಸ್ಕಾಫೆಲ್ಲಿನ ನಡುಗೋಡೆಯನ್ನು ಹತ್ತಿ, ಅದುವರೆಗಿನ ಬ್ರಿಟಿಷ್ ಆರೋಹಣಗಳಲ್ಲೆಲ್ಲ ಕಠಿಣವಾದದ್ದನ್ನು ಸಾಧಿಸಿದ ತರುಣ ಸೀಗ್‌ಫ್ರೀಡ್ ಹರ್ಫರ್ಡ್ ಸೈನ್ಯ ಸೇರಿದ; 1916ರಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಸತ್ತ. ಬಂಡೆಯ ಮೇಲೆ ಒಂದು ಅಂಗುಲದ ಅಂಚಿಗಾಗಿ ಇಷ್ಟೆಲ್ಲ ಎಚ್ಚರ ವಹಿಸಿ ಜೀವ ಉಳಿಸಿಕೊಂಡವರು, ಯಾವ ಎಚ್ಚರವೂ ನೆರವಾಗದ ಕೆಸರುಬಯಲಿನಲ್ಲಿ ಹೋದರು. ಸಂಘದ ಸದಸ್ಯರಲ್ಲಿ ಹಾಗೆ ಹೋದವರ ಇಪ್ಪತ್ತು ಹೆಸರುಗಳು ಕಂಚಿನ ಫಲಕದಲ್ಲಿ ಸೇರಿದವು.

ಉಳಿದವರು ಸ್ಮಾರಕವಾಗಿ ಪ್ರತಿಮೆ ನಿಲ್ಲಿಸಲಿಲ್ಲ. ಗ್ರೇಟ್ ಗೇಬಲ್ ಸೇರಿದಂತೆ ಸುಮಾರು 3,000 ಎಕರೆ ಬೆಟ್ಟದ ನೆಲವನ್ನೇ ಕೊಂಡು 1923ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಯಾರು ಬೇಕಾದರೂ ಎಂದೆಂದಿಗೂ ಅಲ್ಲಿ ಸ್ವತಂತ್ರವಾಗಿ ತಿರುಗಾಡಲೆಂದು. 1924ರ ಜೂನ್ 8ರಂದು ಮಳೆ, ಮಂಜುಗಳ ನಡುವೆ ನೂರಾರು ಜನ ಗೇಬಲ್ಲಿನ ತುದಿಗೆ ನಡೆದು ಹೋಗಿ ಫಲಕವನ್ನು ಅನಾವರಣ ಮಾಡಿದರು. ಅಲ್ಲಿ ಮಾತನಾಡಿದವನು ಜೆಫ್ರಿ ವಿಂತ್ರಾಪ್ ಯಂಗ್. ಕವಿ, ಆರೋಹಿ, ಯುದ್ಧದಲ್ಲಿ ಒಂದು ಕಾಲನ್ನು ಕಳೆದುಕೊಂಡು ಮರಗಾಲಿನಲ್ಲೂ ಬೆಟ್ಟ ಹತ್ತುವುದನ್ನು ಬಿಡದವನು. ಪ್ರತಿ ವರ್ಷ ನವೆಂಬರಿನಲ್ಲಿ ಹುತಾತ್ಮರನ್ನು ಸ್ಮರಿಸುವ ಭಾನುವಾರ ಜನ ಆ ತುದಿಯಲ್ಲಿ ಕೂಡುವುದು ಸಂಪ್ರದಾಯವಾಯಿತು. ಅಚ್ಚಿನ ಕರಡು ತಿದ್ದುವ ಕಷ್ಟ ಬಲ್ಲವರಿಗೆ ಒಂದು ಮಾತು ಹೇಳಬೇಕು: ಮೂಲ ಫಲಕದ ಹೆಸರುಗಳಲ್ಲಿ ತಪ್ಪುಗಳು ನುಸುಳಿದ್ದವು. ತಿದ್ದಿದ ಹೊಸ ಫಲಕ ಬೆಟ್ಟದ ತುದಿಗೆ ಹೋದದ್ದು 2013ರಲ್ಲಿ. ಕೆಳಗೆ ವಾಸ್ಡೇಲಿನ ಆ ಪುಟ್ಟ ಚರ್ಚಿನ ಕಿಟಕಿಯ ಗಾಜಿನ ಒಂದು ಬಿಲ್ಲೆಯಲ್ಲಿ, ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುವಂತೆ, ಸೂಜಿಯ ಚಿತ್ರವನ್ನು ಕೊರೆದಿದ್ದಾರೆ. ಅದೂ ಆ ಮೃತರ ನೆನಪಿಗಾಗಿ. ಯಾವ ಪ್ರಯೋಜನವೂ ಇಲ್ಲದ ಕಲ್ಲು ಈ ಕೆಲಸಕ್ಕೆ ಬಂತು.

1936ಕ್ಕೆ ಸೂಜಿಯ ಮೊದಲ ಆರೋಹಣಕ್ಕೆ ಐವತ್ತು ತುಂಬಿತು. ಹ್ಯಾಸ್ಕೆಟ್ ಸ್ಮಿತ್‌ಗೆ ಆಗ ಎಪ್ಪತ್ತಾರು ವರ್ಷ. ಮದುವೆಯಾಗದ, ಉಡುಪಿನ ಬಗ್ಗೆ ಅಷ್ಟಾಗಿ ಗಮನವಿಲ್ಲದ, ಪದಗಳ ಚಪಲ ಬಿಡದ ವೃದ್ಧ. ಈಸ್ಟರ್ ರಜೆಯಲ್ಲಿ ಸಂಘದವರು ಅವನನ್ನು ಮತ್ತೆ ಸೂಜಿಯ ಬುಡಕ್ಕೆ ಕರೆದು ತಂದರು. ಡ್ರೆಸ್ ಸರ್ಕಲ್ಲಿನಲ್ಲೂ ಸುತ್ತಲಿನ ಬಂಡೆಗಳ ಮೇಲೂ ನೂರಾರು ಜನ. ಈ ಸಲ ಅವನ ಸೊಂಟಕ್ಕೆ ಹಗ್ಗವಿತ್ತು, ಮುಂದೊಬ್ಬ, ಹಿಂದೊಬ್ಬ. ಬಿರುಕು, ಹೆಗಲು, ಓರೆಯಂಚು, ಒಂದೊಂದನ್ನೂ ದಾಟಿ ಮುದುಕ ನೆತ್ತಿಯ ಮೇಲೆ ಬಂದು ಕುಳಿತ. ಕೆಳಗಿನಿಂದ ಯಾರೋ ಕೂಗಿ, ಒಂದು ಕಥೆ ಹೇಳಿ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಕಥೆಗೂ ಮನೆಯ ಅಂತಸ್ತಿಗೂ ಉಚ್ಚಾರ ಒಂದೇ. ಇನ್ನು ಹೇಳುವುದಕ್ಕೆ ಬೇರೊಂದು ಉಳಿದಿಲ್ಲ, ಇದೇ ಕಟ್ಟಕಡೆಯ ಅಂತಸ್ತು, ಎಂದು ಅವನು ಮೇಲಿನಿಂದ ಉತ್ತರ ಕೊಟ್ಟ. ಜನ ನಕ್ಕರು. ಆಮೇಲೆ ಅವನು ಅಂಚನ್ನು ಹಿಡಿದು, ಕಾಲು ಇಳಿಬಿಟ್ಟು, ಆ ಹಳೆಯ ಓರೆಯಂಚನ್ನು ಹುಡುಕುತ್ತ ಇಳಿಯತೊಡಗಿದ. ಮುಂದೆ ಹತ್ತು ವರ್ಷ ಬದುಕಿದ್ದು 1946ರಲ್ಲಿ, ತಾನು ಹುಟ್ಟಿದ ದಕ್ಷಿಣ ಸಮುದ್ರತೀರಕ್ಕೆ ಹೆಚ್ಚು ದೂರವಲ್ಲದ ಊರಿನಲ್ಲಿ, ತೀರಿಕೊಂಡ.